ಹೊಸ್ತಿಲಾಚೆ ನಿಂತು ಕರೆದವಳು

ದೆವ್ವ ಕಂಡೆ ಎನ್ನುವವರನ್ನು ನಾನು ಮೊದಲು ಕೇಳುತ್ತಿದ್ದದ್ದು, ಆಗ ಕನ್ನಡಕ ಹಾಕಿದ್ದಿರಾ ಎಂದು. ಗಣಿತ ಕಲಿಸುವವಳು, ಬಾಯಿ ಸ್ವಲ್ಪ ಜೋರು. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕಥೆ ತೆಗೆದರೂ ನನ್ನನ್ನು ಕಂಡು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ, ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಾನು ಕೆಲಸಕ್ಕಿದ್ದದ್ದು ಪಿರಿಯಾಪಟ್ಟಣದ ಕಡೆ, ಹೆಣ್ಣುಮಕ್ಕಳ ಹಳೆಯ ಖಾಸಗಿ ಶಾಲೆಯೊಂದರಲ್ಲಿ. ಹಿಂದೆ ಇಂಗ್ಲೆಂಡಿನಿಂದ ಬಂದ ಆಂಗ್ಲಿಕನ್ ಕ್ರೈಸ್ತ ಸಭೆಯ ಹೆಂಗಸರು ಶುರುಮಾಡಿದ್ದು. ಒಂದು ವರ್ಷ ವಾರ್ಷಿಕೋತ್ಸವಕ್ಕೆ ಶಾಲೆಯ ಚರಿತ್ರೆ ಬರೆದುಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಹಳೆಯ ವಿದ್ಯಾರ್ಥಿನಿಯೊಬ್ಬರು ಕೆ.ಆರ್. ನಗರದಲ್ಲಿದ್ದಾರೆಂದು ತಿಳಿದು ಹುಡುಕಿಕೊಂಡು ಹೋದೆ. ಬಟ್ಟೆ ಅಂಗಡಿಯವರ ಮನೆಯ ಮುದುಕಿ, ಮೆಹರುನ್ನಿಸಾ ಎಂದು ಹೆಸರು.

ಮಿಷನ್ನಿನವರು ಮಕ್ಕಳ ಧರ್ಮ ಕೆಡಿಸುತ್ತಾರೆ ಎಂದು ಆಗ ಎಲ್ಲರಿಗೂ ಭಯವಂತೆ. ಅದಕ್ಕೇ ಹಾಸ್ಟೆಲ್ ಇಡಲಿಲ್ಲ, ಬೆಳಿಗ್ಗೆ ಹೋದ ಹುಡುಗಿ ಸಂಜೆಗೆ ಮನೆಯಲ್ಲಿರಬೇಕು. ಕರೆತರಲಿಕ್ಕೆಂದೇ ಒಬ್ಬ ಆಯಾ ಮನೆಮನೆಗೆ ಬರುತ್ತಿದ್ದಳು.

"ಒಳಗೆ ಬರ್ತಿರಲಿಲ್ಲ ಬೇಟಿ, ನೀರೂ ಕೇಳ್ತಿರಲಿಲ್ಲ. ಹೊಸ್ತಿಲಾಚೆ ನಿಂತು ಹೆಸರು ಕರೀತಿದ್ಲು, ಕೈ ಹಿಡ್ಕೊಂಡು ಹೋಗ್ತಿದ್ಲು, ಅಷ್ಟೇ. ಅದಕ್ಕೇ ನಮ್ಮ ಅಬ್ಬಾ ಕಳಿಸ್ತಿದ್ರು," ಎಂದರು ಮುದುಕಿ. ನಾನು ಅದನ್ನು ಚರಿತ್ರೆಯಲ್ಲಿ ಸೇರಿಸಿ ಮರೆತೇಬಿಟ್ಟೆ.

ಅದೇ ವರ್ಷ ನನ್ನ ಹತ್ತನೇ ಕ್ಲಾಸಿನ ಪಲ್ಲವಿ ಬರುವುದನ್ನು ನಿಲ್ಲಿಸಿದಳು. ಕೆರೆಯಾಚೆಯ ಹಳ್ಳಿಯವಳು, ಲೆಕ್ಕದಲ್ಲಿ ಚುರುಕು. ಅವರ ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇತ್ತು. ಕಡ್ಡಿಗೆ ಕಟ್ಟಿದ ಸೊಪ್ಪನ್ನು ಆ ಎತ್ತರದ ಮಣ್ಣಿನ ಮನೆಯೊಳಗೆ ನೇತುಹಾಕಿ, ಕೆಳಗಿನ ಒಲೆಗೆ ಹಗಲೂ ರಾತ್ರಿ ಸೌದೆ ಒಟ್ಟಬೇಕು. ಒಲೆಯ ಮುಂದೆ ಕೂರಲು ಜನ ಬೇಕಿತ್ತು, ಹುಡುಗಿಯನ್ನು ಕೂರಿಸಿದ್ದರು. ಹಾಗೇ ಗಂಡೂ ನೋಡುತ್ತಿದ್ದಾರೆಂದು ಕೇಳಿ ನನಗೆ ನಿದ್ದೆ ಕೆಟ್ಟಿತು.

ಎರಡು ಸಲ ಅವರ ಮನೆಗೆ ಹೋದೆ. ತಾಯಿ ಗೌರಮ್ಮ ಒಳಗೆ ಕರೆದು ಚಾಪೆ ಹಾಕಿ, "ಒಲೆ ತಾವ ಕೂರಾಕೆ ಇನ್ಯಾರವ್ರೆ ಟೀಚರಮ್ಮ? ಸೊಪ್ಪು ಬೆಂದು ಮುಗೀಲಿ, ಕಳ್ಸುಮ. ಕಾಫಿ ಕುಡೀರಿ," ಎಂದಳು. ಪರೀಕ್ಷೆ, ಕಾನೂನು, ಮುಂದಿನ ಬದುಕು ಎಂದು ನಾನು ಗಂಟೆಗಟ್ಟಲೆ ಕೊರೆದೆ. ಕಾಫಿ ಕುಡಿದು ಬರಿಗೈಲಿ ವಾಪಸು ಬಂದೆ.

ಅವತ್ತು ಬೆಳಿಗ್ಗೆ ಪ್ರಾರ್ಥನೆ ನಡೆಸುವ ಸರದಿ ನನ್ನದು. ಮೆಟ್ಟಿಲ ಮೇಲೆ ಇಡೀ ಶಾಲೆಗೆ ಕಾಣುವಂತೆ ನಿಂತಿದ್ದೆ. ಮುಗಿಸಿ ಆಫೀಸಿಗೆ ಬರುವಷ್ಟರಲ್ಲಿ ಆ ಹಳ್ಳಿಯಿಂದ ಫೋನ್ ಬಂದಿತ್ತು. ಗೌರಮ್ಮನ ಬ್ಯಾರನ್ನಿಗೆ ಬೆಂಕಿ ಬಿದ್ದಿದೆ, ಒಲೆ ಕಡೆಯ ಗೋಡೆ ಕುಸಿದಿದೆ ಎಂದು. ಒಲೆಯ ಮುಂದೆ ಯಾರು ಕೂರುತ್ತಿದ್ದರೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಇಟ್ಟುಬಂದಿದ್ದ ಬ್ಯಾಗು ತರಲು ಹತ್ತನೇ ಕ್ಲಾಸಿಗೆ ಹೋದೆ.

ಪಲ್ಲವಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು.

"ಯಾವಾಗ ಬಂದೆ?" ಎಂದೆ.

"ನೀವೇ ಕರ್ಕೊಂಡು ಬಂದ್ರಲ್ಲ ಮಿಸ್."

ಮೊದಲು ಬಂದದ್ದು ಸಿಟ್ಟು. ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು ಕೈ ಹಿಡಿದು ಎಬ್ಬಿಸಿ ಆಟೋ ಹತ್ತಿಸಿದೆ. ದಾರಿಯಲ್ಲಿ ಬೆಂಕಿಯ ವಿಷಯ ಹೇಳಿ, ನಿಜ ಹೇಳು ಎಂದು ಗದರಿದೆ. ಹುಡುಗಿ ಅಳುತ್ತಾ, "ಕೆರೆ ಏರಿ ಮೇಲೆ ಬಂದ್ವಲ್ಲ ಮಿಸ್. ಗೇಟ್ ತಾವ ಕೈ ಬುಟ್ರಿ," ಎಂದಳು. ನನಗೇ ಏನೋ ಆಗಿದೆ ಎಂಬಂತೆ ನನ್ನ ಮುಖ ನೋಡುತ್ತಿದ್ದಳು. ಆ ನೋಟಕ್ಕೆ ಹೆದರಿ ಮತ್ತೆ ಕೇಳಲಿಲ್ಲ.

ಹಳ್ಳಿಯಲ್ಲಿ ಇನ್ನೂ ಹೊಗೆ ಏಳುತ್ತಿತ್ತು. ಸುಟ್ಟ ಸೊಪ್ಪಿನ ಘಾಟಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಒಲೆಯಿದ್ದ ಜಾಗದಲ್ಲಿ ಆಳೆತ್ತರ ಮಣ್ಣು ಬಿದ್ದಿತ್ತು. ಮಗಳು ಹೊರಟ ಮೇಲೆ ಗೌರಮ್ಮ ಸೌದೆಗೆ ಹೋಗಿದ್ದಾಗ ಆದದ್ದಂತೆ. ಅವಳು ಮಗಳ ಕಡೆ ನೋಡಲೂ ಇಲ್ಲ, ನೇರ ಬಂದು ನನ್ನ ಕಾಲು ಹಿಡಿದಳು.

"ನೀವು ಬಂದು ಕರೀದೆ ಇದ್ದಿದ್ರೆ ನನ್ ಮಗ್ಳು ಇದರ ಅಡೀಲಿರೋಳು ಕಣವ್ವ."

ಪಕ್ಕದ ಮನೆಯವಳೂ ನನ್ನನ್ನು ನೋಡಿದ್ದಳಂತೆ. ಯಾವ ಸೀರೆ ಉಟ್ಟಿದ್ದೆ ಎಂದು ಕೇಳಿದೆ. "ಇದೇಯ," ಎಂದು ನನ್ನ ಸೆರಗು ತೋರಿಸಿದಳು. ಒಳಗೆ ಬಂದಿದ್ದೆನಾ ಎಂದು ಕೇಳಿದೆ. ಇಲ್ಲವಂತೆ, ಬಾಗಿಲಾಚೆಯೇ ನಿಂತಿದ್ದೆನಂತೆ. ಕೆ.ಆರ್. ನಗರದ ಮುದುಕಿ ಹೇಳಿದ್ದ ಆಯಾ ಆಗ ನೆನಪಾದಳು.

ಆಮೇಲೆ ವಿಚಾರಿಸದೆ ಬಿಡಲಿಲ್ಲ. ನಮ್ಮ ಟೀಚರುಗಳೆಲ್ಲ ಪ್ರಾರ್ಥನೆಯಲ್ಲೇ ಇದ್ದರು. ನನ್ನ ಹಾಗೆ ಕಾಣುವವರು ಆ ಕಡೆ ಯಾರೂ ಇಲ್ಲ. ಎರಡು ಸಲ ಎದುರಿಗೆ ಕೂತು ಕಾಫಿ ಕೊಟ್ಟವಳು ನನ್ನ ಮುಖ ಮರೆಯುವುದೂ ಇಲ್ಲ. ನನಗೆ ಗೊತ್ತಿರುವ ಯಾವ ಲೆಕ್ಕಕ್ಕೂ ಅದು ಸಿಗಲಿಲ್ಲ.

ಪಲ್ಲವಿ ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಈಗ ಮೈಸೂರಿನಲ್ಲಿ ನರ್ಸ್. ಅವಳಿಗೆ ಕೆಲಸ ಸಿಕ್ಕಾಗ ಗೌರಮ್ಮ ನಮ್ಮ ಮನೆಗೆ ಬಂದಿದ್ದಳು. ಬಹಳ ದಿನದಿಂದ ನುಂಗಿಕೊಂಡಿದ್ದನ್ನು ಅವಳಲ್ಲಿ ಕೇಳಿಬಿಟ್ಟೆ. ನಾನು ಎರಡು ಸಲ ಬಂದಾಗ ಕಳಿಸದವಳು, ಅವತ್ತು ಯಾಕೆ ಕಳಿಸಿದೆ?

"ಆಗೆಲ್ಲ ನೀವು ಕಳಿಸ್ತೀರಾ, ಕಳಿಸ್ತೀರಾ ಅಂತ ಕೇಳ್ತಿದ್ರಿ. ಕೇಳಿದ್ರೆ ಇಲ್ಲ ಅನ್ಬೋದು. ಅವತ್ತು ನೀವು ಕೇಳ್ನಿಲ್ಲ ಟೀಚರಮ್ಮ. ಹೆತ್ತ ಮಗಳನ್ನ ಕರ್ದಂಗೆ ಕರುದ್ರಿ. ಅಡ್ಡ ನಿಲ್ಲಾಕೆ ನನ್ ಕೈಲಾಗ್ನಿಲ್ಲ."

ಅದು ನಾನಲ್ಲ ಎಂದು ಆಗಲಾದರೂ ಹೇಳಬೇಕಿತ್ತು. ನನಗೆ ಮಕ್ಕಳಿಲ್ಲ. ಯಾರನ್ನೂ ಹಾಗೆ ಕರೆದು ಗೊತ್ತಿಲ್ಲ. ಬಾಗಿಲಲ್ಲಿ ನಿಂತವಳ ಮುಖ ನನ್ನದೇ ಎಂದು ಅವರೆಲ್ಲ ಇವತ್ತಿಗೂ ಹೇಳುತ್ತಾರೆ. ಆ ದನಿ ಯಾರದೋ, ನನಗೆ ತಿಳಿಯದು.