ಗೆರಟೆಯ ಏಡಿ

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಆಗೆಲ್ಲ ಅಪ್ಪ ಎಂದರೆ ವರ್ಷಕ್ಕೊಮ್ಮೆ ಬರುವ ನೆಂಟ. ಬೊಂಬಾಯಿ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಗಂಡಸರು ಬೇಸಿಗೆಯ ಕೊನೆಗೆ ಊರಿಗೆ ಬಂದು, ಗದ್ದೆಯ ನಟ್ಟಿ ಮುಗಿಸಿ ಹಿಂತಿರುಗುತ್ತಿದ್ದರು. ತಲ್ಲೂರಿನ ನಮ್ಮ ಮನೆಗೆ ಅಪ್ಪಯ್ಯ ಬರುತ್ತಿದ್ದದ್ದೂ ಹಾಗೆಯೇ. ಅವರ ಟ್ರಂಕಿಗೆ ಸಾಬೂನು ಮತ್ತು ಹಲ್ವದ ವಾಸನೆ, ಅಂಗಿಗೂ ಅದೇ ವಾಸನೆ. ಮೊದಲ ಕೆಲವು ದಿನ ಹತ್ತಿರ ಹೋಗಲು ನಾಚಿಕೆ. ನಾಚಿಕೆ ಬಿಟ್ಟು ಮಾತಾಡಬೇಕು ಅನ್ನುವಷ್ಟರಲ್ಲಿ ಟ್ರಂಕು ಮತ್ತೆ ಕಟ್ಟಿ ಆಗಿರುತ್ತಿತ್ತು.

ಇದು ಅರವತ್ತರ ದಶಕದ ನಡುವಿನ ಒಂದು ವರ್ಷದ ಮಾತು. ನಾನಾಗ ಆರನೆಯ ತರಗತಿಯಲ್ಲಿದ್ದೆ ಎಂದು ನನ್ನ ನಂಬಿಕೆ. ಏಳನೆಯದು ಎಂದು ಅಮ್ಮ ವಾದಿಸುತ್ತಿದ್ದಳು. ಅಪ್ಪಯ್ಯ ಬಂದ ಮರುದಿನವೇ ನನ್ನ ಮಾರ್ಕುಪಟ್ಟಿ ತೋರಿಸಿದ್ದೆ. ನೋಡಿ, "ಅಡ್ಡಿಲ್ಲೆ" ಎಂದು ಮಡಚಿ ವಾಪಸ್ಸು ಕೊಟ್ಟರು. ಅಷ್ಟೇ.

ಆ ಸಂಜೆ ಮೀನು ಮಾರುವ ಗಿರಿಜಕ್ಕನ ಮಗ ಮಾಬ್ಲ ಬಂದ. ಹೊಳೆಬದಿಯಲ್ಲಿ ಅವರ ಮನೆ. ನನ್ನಷ್ಟೇ ಪ್ರಾಯ, ಬಾಯಿ ಮಾತ್ರ ನನಗಿಂತ ದೊಡ್ಡದು. ಬೆನ್ನ ಹಿಂದೆ ಏನನ್ನೋ ಅಡಗಿಸಿಕೊಂಡು ಜಗಲಿಯ ಎದುರು ನಿಂತ.

"ಹ್ವಾಯ್ ಶೆಟ್ರೆ, ಏಡಿ ಬೇಕಾ? ಬೇಯ್ಸೂಕಾತಿಲ್ಲೆ ಮತ್ತೆ. ಓಡತ್ತ್ ಮಾತ್ರ."

"ಕಾಂಬ, ಬಿಡ್" ಎಂದರು ಅಪ್ಪಯ್ಯ.

ಅರ್ಧ ತೆಂಗಿನ ಗೆರಟೆ ಕವುಚಿ ಮಾಡಿದ ಏಡಿ. ಗುಡಿಸುವ ಹಿಡಿಸೂಡಿಯ ಕಡ್ಡಿಗಳನ್ನು ಒಂದೇ ಕಡೆಗೆ ಓರೆಯಾಗಿ ಸಿಕ್ಕಿಸಿ ಕಾಲು ಮಾಡಿದ್ದ, ಗುಲಗಂಜಿಯ ಕಣ್ಣು. ಹೊಟ್ಟೆಯೊಳಗೆ, ಹಾಳಾದ ಬಸ್ಸಿನ ಹಾರನ್ನಿನಿಂದ ಬಿಚ್ಚಿದ ತಾಮ್ರದ ತಂತಿ ಸುತ್ತಿದ ಮೊಳೆ, ಅದರೆದುರು ಒಂದು ತಗಡಿನ ಪಟ್ಟಿ. ಟಾರ್ಚಿನ ಶೆಲ್ಲುಗಳು ಬಿದಿರಿನ ಅಂಡೆಯಲ್ಲಿ, ಉದ್ದ ತಂತಿಯ ತುದಿಗೆ, ಮಾಬ್ಲನ ಕೈಯಲ್ಲಿ. ಅವನು ತಂತಿ ತಾಗಿಸಿದ. ಮೊಳೆ ತಗಡನ್ನು ಎಳೆಯಿತು, ಬಿಟ್ಟಿತು, ಎಳೆಯಿತು. ಗೆರಟೆ ಜುಂಯ್ ಎಂದು ನಡುಗುತ್ತ ಸೆಗಣಿ ಸಾರಿಸಿದ ಜಗಲಿಯ ಮೇಲೆ ಅಡ್ಡಕ್ಕೆ ಓಡತೊಡಗಿತು.

ಅಪ್ಪಯ್ಯ ಪಂಚೆ ಎತ್ತಿ ಕುಕ್ಕರಗಾಲಲ್ಲಿ ಕುಳಿತರು. "ಸಮಾ ಅಡ್ಡಕ್ಕೇ ಹೋತ್ತಲ್ಲ ಮಾರಾಯ ಇದ್."

"ಬಸ್ಸಿನ ಹಾರನ್ ಅಲ್ದಾ ಶೆಟ್ರೆ, ಸೈಡ್ ಬಿಟ್ಟ್ ಬೇರೆ ಗೊತ್ತಿಲ್ಲೆ ಅದ್ಕೆ."

ಅಪ್ಪಯ್ಯ ನಕ್ಕರು. ನನ್ನ ನೆನಪಿನಲ್ಲಿ ಆ ನಗು ಗದ್ದೆಯಂಚಿನವರೆಗೂ ಕೇಳಿಸುವಷ್ಟು ದೊಡ್ಡದು. ನಿಜಕ್ಕೂ ಅಷ್ಟು ನಕ್ಕರೇ? ಈಗ ಸಂಶಯ. ಹೊಟ್ಟೆಕಿಚ್ಚಿನಲ್ಲಿ ಕಿವಿ ಬಹಳ ಚುರುಕಾಗುತ್ತದೆ. ಅಮ್ಮನನ್ನು ಕರೆದು ತೋರಿಸಿದ್ದು, ಮಾಬ್ಲನಿಗೆ ಹಲ್ವ ಕೊಟ್ಟದ್ದು, ಅದೂ ನನಗೆ ಕೊಟ್ಟದ್ದಕ್ಕಿಂತ ದಪ್ಪದ ತುಂಡು, ಇಷ್ಟು ಮಾತ್ರ ಖಂಡಿತ.

ಅವರು ಹೊರಡುವ ಮೊದಲು ಒಮ್ಮೆ ನನ್ನೆದುರು ಹಾಗೆ ಕುಕ್ಕರಗಾಲಲ್ಲಿ ಕೂರಬೇಕು. ನನಗೆ ಬೇರೇನೂ ಬೇಡವಾಯಿತು.

ಗೆರಟೆಗೆ ಬರವಿರಲಿಲ್ಲ. ಕಾಲುಗಳಿಗಾಗಿ ಅಮ್ಮನ ಹಿಡಿಸೂಡಿಗೆ ಕೈ ಹಾಕಿದೆ. "ಹಿಡಿಸೂಡಿ ಬೋಳ್ ಮಾಡ್ಯಲ್ಲ, ಇನ್ನ್ ನಿನ್ ತಲಿಯಂಗೆ ಗುಡ್ಸುದಾ?" ಎಂದು ಅವಳು ಬೈದಳು. ತಂತಿಗೆ ಮಾತ್ರ ಮಾಬ್ಲನ ಹತ್ತಿರವೇ ಹೋಗಬೇಕಾಯಿತು. ತನ್ನಲ್ಲಿ ಉಳಿದಿದ್ದ ತಂತಿಯನ್ನು ಅವನು, ನಾನು ಕೇಳಿದ ಕೂಡಲೇ ಕೊಟ್ಟ. ಅವನು ಜಿಪುಣತನ ತೋರಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಶೆಲ್ಲಿನ ಗುಟ್ಟನ್ನೂ ಹೇಳಿದ: "ಸತ್ತ್ ಶೆಲ್ಲಿಗೆ ಮೊಳಿ ಹೊಡ್ದ್ ತೂತ್ ಮಾಡ್. ಒಂದ್ ರಾತ್ರಿ ಹೊಳಿ ನೀರಂಗೆ ಮುಳ್ಗ್ಸಿ ಇಡ್. ಜೀವ ಬತ್ತ್."

ಅಷ್ಟರಲ್ಲಿ ಮಳೆ ಹಿಡಿಯಿತು. ತಂತಿ ಸುತ್ತುವುದು, ಬಿಚ್ಚುವುದರಲ್ಲೇ ದಿನಗಳು ಹೋದವು. ನಟ್ಟಿ ಮುಗಿಯಿತು, ಟ್ರಂಕು ಅಟ್ಟದಿಂದ ಇಳಿಯಿತು. ನಾನು ಅವಸರದಲ್ಲಿ ಸತ್ತ ಶೆಲ್ಲುಗಳಿಗೆ ತೂತು ಹೊಡೆದು, ಬಟ್ಟೆಯಲ್ಲಿ ಕಟ್ಟಿ, ದೋಣಿ ಕಟ್ಟುವ ಗೂಟಕ್ಕೆ ಬಿಗಿದು ಹೊಳೆಯಲ್ಲಿ ಮುಳುಗಿಸಿದೆ.

ಮರುದಿನ ಜಗಲಿಯಲ್ಲಿ ಏಡಿ ಇಟ್ಟು ಅಪ್ಪಯ್ಯನನ್ನು ಕರೆದೆ. ಮೀನಿನ ಬುಟ್ಟಿ ಇಳಿಸಿದ ಗಿರಿಜಕ್ಕನೂ ನಿಂತಳು, ಹಿಂದೆ ಮಾಬ್ಲ. ತಂತಿ ತಾಗಿಸಿದೆ. ಏಡಿ ಅಲುಗಲಿಲ್ಲ. ಮತ್ತೆ ಮತ್ತೆ ತಾಗಿಸಿದೆ. ಅಪ್ಪಯ್ಯ ನಿಂತೇ ಇದ್ದರು.

ಮಾಬ್ಲ ಅಂಡೆಯಿಂದ ಒಂದು ಶೆಲ್ಲು ತೆಗೆದು ನಾಲಗೆಗೆ ತಾಗಿಸಿದ. "ಚಪ್ಪೆ ಮಾರಾಯ. ಮಳಿ ಬಂದ್ರ್ ಮೇಲೆ ಹೊಳಿಯಗೆ ಉಪ್ಪ್ ಎಲ್ಲಿತ್ತಾ?"

ಎಲ್ಲರೂ ನಕ್ಕರು. ಬೇಸಿಗೆಯಲ್ಲಿ ಕಡಲ ಉಬ್ಬರ ಹೊಳೆಗುಂಟ ನಮ್ಮ ಗದ್ದೆಯ ಕಟ್ಟದವರೆಗೂ ಉಪ್ಪುನೀರು ತರುತ್ತದೆ. ಶೆಲ್ಲಿಗೆ ಜೀವ ಕೊಡುವುದು ಆ ಉಪ್ಪು. ಮಳೆ ಬಂದರೆ ಹೊಳೆ ಸಿಹಿ. ಬಾಯಿಗೆ ಹಾಕಿ ರುಚಿ ನೋಡಿ, ಚಪ್ಪೆಯಾದ ಮೇಲೆಯೇ ಆ ನೀರನ್ನು ಗದ್ದೆಗೆ ಬಿಡುವ ಮನೆ ನಮ್ಮದು. ಆ ವರ್ಷ ರುಚಿ ನೋಡಲು ಕಳುಹಿಸಿದ್ದು ನನ್ನನ್ನೇ.

ಮುಂದೆ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದುವಾಗ ಇದನ್ನು ಬಹಳ ಸಲ ಯೋಚಿಸಿದ್ದೇನೆ. ಬಹುಶಃ ತಂತಿಯ ತುದಿಯಲ್ಲಿ ಕರೆಂಟನ್ನು ತಡೆಯುವ ಅರಗಿನ ಲೇಪವನ್ನು ನಾನು ಕೆರೆದಿರಲಿಲ್ಲ; ಹಾಗಿದ್ದರೆ ಹೊಸ ಶೆಲ್ಲು ಹಾಕಿದ್ದರೂ ಏಡಿ ಓಡುತ್ತಿರಲಿಲ್ಲ. ಆದರೆ ಮನೆಯಲ್ಲಿ ಉಳಿದದ್ದು ಮಾಬ್ಲನ ಮಾತೇ.

"ಇರ್ಲಿ ಬಿಡ್, ನೀನ್ ಓದ್" ಎಂದು ಅಪ್ಪಯ್ಯ ನನ್ನ ತಲೆ ಸವರಿದರು. ಆಮೇಲೆ ಗಿರಿಜಕ್ಕನ ಕಡೆ ತಿರುಗಿದರು. "ನಿನ್ ಮಾಬ್ಲನ್ನ ನನ್ನೊಟ್ಟಿಗೆ ಬೊಂಬಾಯಿಗೆ ಕಳ್ಸ್ತ್ಯಾ? ಕೈ ಚುರ್ಕ್ ಇತ್ತ್."

"ಕರ್ಕಂಡ್ ಹೋಯ್ನಿ ಶೆಟ್ರೆ. ಇಲ್ಲಿದ್ರೆ ನಾಳಿಗೆ ನನ್ ಬುಟ್ಟಿಗೂ ಕಾಲ್ ಕಟ್ಟಿ ಓಡ್ಸ್ತ."

"ನಾನೂ ಬತ್ತೆ ಅಪ್ಪಯ್ಯ" ಎಂದೆ.

"ನೀನ್ ಬಂದ್ ಎಂತ ಮಾಡ್ತೆ? ಕಪ್ಪ್ ತೊಳಿತ್ಯಾ?"

ನಾನು ಏಡಿ ಎತ್ತಿ ಒಳಗಿಟ್ಟೆ. ಹೊರಡುವ ದಿನ ಬಸ್ಸಿನಲ್ಲಿ ಮಾಬ್ಲ ಅಪ್ಪಯ್ಯನ ಪಕ್ಕ, ಕಿಟಕಿಯ ಹತ್ತಿರ ಕುಳಿತ. ನಾನು ಶಾಲೆಗೆ ಹೋದೆ.

ಆಮೇಲೆ ವರ್ಷಕ್ಕೊಮ್ಮೆ ಅವರಿಬ್ಬರೂ ಒಟ್ಟಿಗೇ ಬರುತ್ತಿದ್ದರು. ಅಪ್ಪಯ್ಯನ ಚಹಾಕ್ಕೆ ಎಷ್ಟು ಸಕ್ಕರೆ ಎಂದು ಅಮ್ಮನಿಗೆ ಹೇಳಿಕೊಡುವವನು ಅವನು. ಅಪ್ಪಯ್ಯ ತೀರಿಕೊಂಡದ್ದೂ ಬೊಂಬಾಯಿಯಲ್ಲೇ. ಪಕ್ಕದಲ್ಲಿದ್ದವನೂ ಅವನೇ.

ಈಚೆಗೆ ಕುಂದಾಪುರದಲ್ಲಿ ಒಂದು ಮದುವೆಯ ಊಟದಲ್ಲಿ ಮಾಬ್ಲ ಸಿಕ್ಕಿದ. ತಲೆ ಪೂರ್ತಿ ಬೆಳ್ಳಗಾಗಿದೆ, ಬಾಯಿ ಹಾಗೆಯೇ ಇದೆ. ಮಾತಿನ ನಡುವೆ ಹೇಳಿದ: "ಮಧ್ಯಾಹ್ನ ಗಿರಾಕಿ ಕಮ್ಮಿ ಇಪ್ಪ ಹೊತ್ತಿಗೆ ಅಪ್ಪಯ್ಯ ಟೇಬ್ಲಿಗೆ ತಾಳ ಹಾಕಂಡ್ ಯಕ್ಷಗಾನದ ಪದ್ಯ ಹೇಳ್ತಿದ್ರಲೆ, ಎಂತಾ ಸ್ವರ ಅದ್. ನೀವ್ ಕೇಂಡಿರ್ತ್ರಿ."

ನಾನು ಕೇಳಿರಲಿಲ್ಲ. ಅಪ್ಪಯ್ಯ ಹಾಡುತ್ತಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ಮಾಬ್ಲ ಕಣ್ಣು ಮುಚ್ಚಿ, ಬಾಳೆಲೆಯ ಪಕ್ಕ ಬೆರಳಲ್ಲಿ ತಾಳ ಹಾಕುತ್ತ ಒಂದು ಸಾಲು ಹಾಡಿದ. ದಪ್ಪ, ತಗ್ಗಿದ ದನಿ.

"ಅಪ್ಪಯ್ಯನ ಸ್ವರ ಅಷ್ಟ್ ತಗ್ಗ್ ಇರ್ಲಿಲ್ಲೆ" ಎಂದುಬಿಟ್ಟೆ. ಯಾಕೆ ಅಂದೆನೋ. ಅವರ ಮಾತಿನ ದನಿ ಕೂಡ ನನಗೀಗ ನೆನಪಿಲ್ಲ.

ಮಾಬ್ಲ ಕಣ್ಣು ತೆರೆದು ನನ್ನನ್ನು ನೋಡಿದ. "ಹೌದಾ? ಮಗ ನೀವ್ ಹೇಳ್ರ್ ಮೇಲೆ ಹೌದ್" ಎಂದು, ಅದೇ ಸಾಲನ್ನು ಏರು ದನಿಯಲ್ಲಿ ಮತ್ತೆ ಹಾಡಿದ. ಅಪ್ಪಯ್ಯನ ಸ್ವರ ಉಳಿದಿದ್ದದ್ದು ಅವನೊಬ್ಬನ ಹತ್ತಿರ. ಈಗ ಅಲ್ಲಿಯೂ ಇದೆಯೋ ಇಲ್ಲವೋ, ನನಗೆ ತಿಳಿಯದು.