ಬದುಕಿದ್ದವರಿಗಾಗಿ ಒಡೆದ ಬಳೆ

ನಮ್ಮವರು ಫುಟ್‌ಬಾಲ್ ಆಡುತ್ತಾರೆಂಬುದು ಮದುವೆಯಾಗಿ ಬಹಳ ದಿನ ನನಗೆ ಗೊತ್ತೇ ಇರಲಿಲ್ಲ. ಸಿಪಾಯಿ ಎಂದಷ್ಟೇ ಹೇಳಿ ಕೊಟ್ಟಿದ್ದರು. ನನ್ನ ತಂದೆಗೆ ರಾಯಚೂರಿನಲ್ಲಿ, ಕೋಟೆಯ ಬಾಗಿಲ ಹತ್ತಿರ, ಸಣ್ಣ ಬಟ್ಟೆ ಅಂಗಡಿಯಿತ್ತು. ಗಂಡನ ಮನೆ ದೇವದುರ್ಗದಲ್ಲಿ. ಹೊಲಮನೆ ಇದ್ದ ಲಿಂಗಾಯತರು, ಒಬ್ಬನೇ ಮಗ. ಆಗ ಯುದ್ಧ ನಡೆದಿತ್ತು. ರಜೆಯಲ್ಲಿ ಬಂದು ತಾಳಿ ಕಟ್ಟಿ ಹೋದವರು ಮತ್ತೆ ಬಂದದ್ದು ಯುದ್ಧ ಮುಗಿದ ಮೇಲೆಯೇ.

ಆ ಸಲ ಬಂದಾಗ ಅವರ ಮೊಣಕಾಲಿನ ಕೆಳಗೆ ತುಂಬ ಗಾಯದ ಕಲೆಗಳಿದ್ದವು. ಎಣ್ಣೆ ಹಚ್ಚುತ್ತ ಕೇಳಿದೆ.

"ಗುಂಡು ಬಡದಾವೇನ್ರೀ?"

ಅವರು ನಕ್ಕುಬಿಟ್ಟರು. "ಗುಂಡಲ್ಲ, ಬೂಟು. ಚೆಂಡಾಟದಾಗ ಒದ್ದದ್ದು."

ಅವತ್ತು ಎಲ್ಲ ಹೇಳಿದರು. ಚಿಕ್ಕಂದಿನಲ್ಲಿ ಮಾನ್ವಿಯ ಸೋದರಮಾವನ ಮನೆಯಲ್ಲಿದ್ದು ಓದುವಾಗ, ಬೇಸಿಗೆಗೆ ಒಣಗಿದ ಕೆರೆಯಂಗಳದಲ್ಲಿ ಚಿಂದಿ ಬಟ್ಟೆ ಸುತ್ತಿದ ಉಂಡೆ ಒದೆಯುತ್ತಿದ್ದರಂತೆ. ರಾಯಚೂರಿನ ಶಾಲೆಗೆ ಬಂದ ಮೇಲೆ ನಿಜವಾದ ತೊಗಲಿನ ಚೆಂಡು ಸಿಕ್ಕಿತು. ಓದು ತಲೆಗೆ ಹತ್ತಲಿಲ್ಲ. ಅಪ್ಪನ ಜೊತೆ ಜಗಳವಾಡಿ, ಗಡಿ ದಾಟಿ ಬಳ್ಳಾರಿಗೆ ಹೋಗಿ ಇಂಗ್ಲಿಷರ ಪಲ್ಟನ್ನಿಗೆ ಸೇರಿಕೊಂಡರು. ಅಲ್ಲಿ ಒಬ್ಬ ಸುಬೇದಾರ ಇವರು ಆಡುವುದನ್ನು ನೋಡಿ ಪಲ್ಟನ್ನಿನ ತಂಡಕ್ಕೆ ಹಾಕಿದ. ಯುದ್ಧದ ನಡುವೆಯೂ, ಅಸ್ಸಾಮಿನ ಕಡೆ ಕೆಸರಿನಲ್ಲಿ, ಬಿಡುವಾದಾಗಲೆಲ್ಲ ಆಡಿದ್ದರು. "ನಾನು ಸೆಂಟರ್ ಫಾರ್ವರ್ಡ್. ಮುಂದ ನಿಂತು ಗೋಲು ಹೊಡ್ಯಾಂವ" ಎಂದು ಅವರು ಹೇಳಿದಾಗ ನಾನು, ಅದೂ ಸುಬೇದಾರಿಕೆಯ ಹಾಗೆ ಒಂದು ಹುದ್ದೆಯಿರಬೇಕೆಂದು ತಿಳಿದೆ.

ದೇಶಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ನಾವಿದ್ದದ್ದು ನಿಜಾಮರ ರಾಜ್ಯದಲ್ಲಿ. ನಮ್ಮವರ ಪಲ್ಟನ್ನು ಹಿಂದುಸ್ತಾನದ್ದಾಯಿತು. ಒಂದೇ ವರ್ಷದಲ್ಲಿ ಅವರು ಸೈನ್ಯದ ದೊಡ್ಡ ತಂಡಕ್ಕೂ ಅಲ್ಲಿಂದ ದೇಶದ ತಂಡದ ಶಿಬಿರಕ್ಕೂ ಹೋದರು. "ದೇಶದ ತಂಡದಾಗ ತೊಗೊಂಡಾರ" ಎಂದು ಬರೆದ ಕಾಗದವೇ ಕೊನೆಯದು. ಆಮೇಲೆ ಗಡಿಯಾಚೆಯಿಂದ ಏನೂ ಬರಲಿಲ್ಲ. ನಿಜಾಮರ ಕಡೆಯ, ಬಂದೂಕು ಹಿಡಿದ ಗುಂಪುಗಳು ಊರೂರು ತಿರುಗಿ ಯಾರ ಮನೆಯವರು ಆ ಕಡೆ ಇದ್ದಾರೆಂದು ವಿಚಾರಿಸತೊಡಗಿದ್ದವು. ದೇವದುರ್ಗದ ಎಷ್ಟೋ ಮನೆಗಳವರು ಹೆಣ್ಣುಮಕ್ಕಳನ್ನು ಬಂಡಿ ಹತ್ತಿಸಿ ಗಡಿಯ ಹೊಳೆ ದಾಟಿಸಿದರು. ನಮ್ಮ ಮಾವ ಹೊಲ ಬಿಟ್ಟು ಬರುವುದಿಲ್ಲ ಎಂದರು. ಅವರನ್ನು ಬಿಟ್ಟು ಅತ್ತೆ ಹೊರಡಲಿಲ್ಲ, ಅತ್ತೆಯನ್ನು ಬಿಟ್ಟು ನಾನು.

ಮುಂಗಾರಿನ ಒಂದು ಮಧ್ಯಾಹ್ನ ಆರೇಳು ಜನ ಅಂಗಳಕ್ಕೇ ಬಂದರು. ಮಾವ ಕಟ್ಟೆಯ ಮೇಲೆ ಕೂತಿದ್ದರು. ನಾನು ತಲೆಬಾಗಿಲ ಒಳಗೆ ಜೋಳ ಹಸನು ಮಾಡುತ್ತಿದ್ದೆ. ಅವರ ಮುಂದಾಳು ಗದರಿಸಲಿಲ್ಲ, ಮರ್ಯಾದೆಯಿಂದಲೇ ಕೇಳಿದ.

"ಗೌಡ್ರ, ನಿಮ್ಮ ಮಗ ಆ ಕಡಿ ಫೌಜಿನಾಗ ಅದಾನಂತಲ್ಲ? ಎಲ್ಲದಾನ ಈಗ?"

ಮಾವ ಸುಳ್ಳು ಹೇಳುವ ಮನುಷ್ಯರಲ್ಲ. ಮೊದಲೇ ಯೋಚಿಸಿಟ್ಟಿದ್ದರೋ, ಆ ಗಳಿಗೆಯಲ್ಲಿ ಬಾಯಿಗೆ ಬಂತೋ, ಕೊನೆಯವರೆಗೂ ಅವರು ನನಗೆ ಹೇಳಲಿಲ್ಲ.

"ಎಲ್ಲೂ ಇಲ್ರೀ ಅಂವ. ಸತ್ತಾನ."

ಆತ ಬಗ್ಗಿ ಬಾಗಿಲೊಳಗೆ ನನ್ನನ್ನು ನೋಡಿದ. "ಸೊಸಿ ಕೈಯಾಗ ಬಳಿ ಅದಾವಲ್ಲ?"

"ಸುದ್ದಿ ಈಗ ಬಂದದ್ರೀ. ಹೆಣಮಕ್ಕಳಿಗೆ ಇನ್ನ ಹೇಳಿಲ್ಲ."

ಅವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನೀಗ ಏನು ಮಾಡುತ್ತೇನೆಂದು ಮಾವನೂ ನನ್ನ ಕಡೆ ನೋಡುತ್ತಿದ್ದರು. ಅದು ಸುಳ್ಳೆಂದು ನನಗೆ ಗೊತ್ತಿತ್ತು, ಹೊರಗಿನಿಂದ ಯಾವ ಸುದ್ದಿಯೂ ಬಂದಿರಲಿಲ್ಲ. ಆದರೂ ಎರಡೂ ಕೈಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದೆ. ಬಳೆಯ ಚೂರು ಮೊರದೊಳಗೂ ಬಿದ್ದವು. ಅಡಿಗೆಮನೆಯಿಂದ ಓಡಿಬಂದ ಅತ್ತೆ ನನ್ನ ಕೈಯಿಂದ ಸುರಿಯುವ ರಕ್ತ ನೋಡಿ, ಏನಾಗಿದೆಯೆಂದು ಕೇಳದೆ, ಮಗನ ಹೆಸರು ಹಿಡಿದು ಚೀರಿದರು. ಅವರ ಅಳು ನಾಟಕವಾಗಿರಲಿಲ್ಲ. ಆ ಜನ ತಿರುಗಿ ಹೋದ ಮೇಲೆ ಮಾವ ಅತ್ತೆಗೆ ನಿಜ ಹೇಳಿದರು.

ಒಂದು ಸುಳ್ಳು ಹೇಳಿದರೆ ಸಾಕಾಗಲಿಲ್ಲ. ಅದನ್ನು ದಿನಾಲೂ ನಡೆಸಬೇಕಾಯಿತು. ಹಣೆ ಬರಿದು ಮಾಡಿಕೊಂಡೆ. ತಾಳಿಯನ್ನು ಮಾತ್ರ ಅತ್ತೆ ತೆಗೆಯಗೊಡಲಿಲ್ಲ. ಸರ ಗಿಡ್ಡ ಮಾಡಿ ಕುಪ್ಪಸದೊಳಗೆ ಹೊಲಿದುಕೊಟ್ಟರು. ಊರು ಮಾತಾಡಿಸಿಕೊಂಡು ಹೋಗಲು ಬಂತು. ಸ್ವಾಮಿಗಳನ್ನು ಕರೆದು ಊಟ ಹಾಕಬೇಕಾಯಿತು. ಬಡಿಸಿದ ಮೇಲೆ ಅತ್ತೆ ಹಿತ್ತಿಲಿಗೆ ಬಂದು ನೀರಮಾನ್ವಿ ಯಲ್ಲಮ್ಮನ ದಿಕ್ಕಿಗೆ ಕೈಮುಗಿದು, "ಯವ್ವಾ, ತಪ್ಪು ನಮ್ಮದು, ಅವನ ಮ್ಯಾಲ ಹಾಕಬ್ಯಾಡ" ಎಂದು ಹರಕೆ ಹೊತ್ತರು.

ಇದನ್ನು ಕೇಳಿ ನನ್ನ ತಂದೆ ರಾಯಚೂರಿನಿಂದ ಎದೆ ಒಡೆದುಕೊಂಡು ಬಂದರು. ಮಾವ ಅವರನ್ನು ಒಳಗೆ ಕರೆದು ನಿಜ ಹೇಳಿದರು. ಕೆಲವು ವಾರ ಬಿಟ್ಟು ಅಪ್ಪ ಮತ್ತೆ ಬಂದರು. ಈ ಸಲ ಧೋತರದ ಮಡಿಕೆಯೊಳಗೆ ಪತ್ರಿಕೆಯ ಒಂದು ಹಾಳೆ ಇಟ್ಟುಕೊಂಡಿದ್ದರು. ಮದ್ರಾಸಿನ ರೈಲಿನಲ್ಲಿ ಬಂದ ಯಾರಿಂದಲೋ ಸಿಕ್ಕದ್ದು. ಅದರಲ್ಲಿ ನಮ್ಮವರಿದ್ದರು. ಚಡ್ಡಿ ಹಾಕಿಕೊಂಡು ಚೆಂಡಿನ ಹಿಂದೆ ಓಡುತ್ತಿದ್ದಾರೆ, ಬಾಯಿ ತೆರೆದಿದೆ.

"ಪರದೇಶಕ್ಕ ಹೊಂಟಾರಂತ, ಆಡ್ಲಿಕ್ಕೆ. ಹಡಗಿನಾಗ" ಎಂದರು ಅಪ್ಪ. "ಚೊಲೋ ಅದಾರವ್ವಾ. ನೋಡು."

ಒಲೆಯ ಮುಂದೆ ಕೂತು ನಾನು ನೋಡಿದೆ. ಅತ್ತೆಯೂ ನೋಡಿದರು, ಮಗನ ಮುಖದ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಒಲೆಗೆ ಹಾಕಿಬಿಟ್ಟರು. ಮನೆಯಲ್ಲಿ ಅದು ಸಿಕ್ಕರೆ ಎಲ್ಲರ ಗತಿ ಏನೆಂದು ನನಗೂ ಗೊತ್ತಿತ್ತು. ಆದರೆ ಇನ್ನಷ್ಟು ಹೊತ್ತು ನೋಡಗೊಡಬಹುದಿತ್ತು.

ಅಷ್ಟರಲ್ಲಿ ಮಲ್ಲಟದಿಂದ ದೂರದ ನೆಂಟರೊಬ್ಬರು ಹೇಳಿ ಕಳಿಸಿದರು. ಹೆಂಡತಿ ತೀರಿದ್ದಳು, ಸಣ್ಣ ಕೂಸಿತ್ತು. ನಮ್ಮಲ್ಲಿ ವಿಧವೆಗೆ ಸೀರೆ ಉಡಿಸಿ ಮತ್ತೆ ಮನೆ ಮಾಡಿಕೊಡುವುದುಂಟು. ಅವರು ಕೆಟ್ಟವರಲ್ಲ, ದುಃಖದಲ್ಲಿದ್ದವಳಿಗೆ ಒಂದು ನೆಲೆಯಾಗಲಿ ಎಂದು ಮರ್ಯಾದೆಯಿಂದ ಕೇಳಿದ್ದರು. ಬೇಡವೆನ್ನಲು ಮಾವನ ಹತ್ತಿರ ಕಾರಣವಿರಲಿಲ್ಲ. "ವರ್ಷ ಆಗ್ಲಿ" ಎಂದು ಹೇಳಿ ಕಳಿಸಿದರು. ಆ ಮನುಷ್ಯ ಕಾಯುತ್ತೇನೆ ಎಂದ. ಕಾಯುತ್ತಲೂ ಇದ್ದ.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಸೈನ್ಯ ಒಳಗೆ ಬಂತು. ಬಂದೂಕಿನ ಗುಂಪುಗಳು ಒಂದೇ ವಾರದಲ್ಲಿ ಕಾಣೆಯಾದವು. ಆಮೇಲೆ ಆದದ್ದೂ ಚೆನ್ನಾಗಿರಲಿಲ್ಲ. ಯಾರ ಗೊಡವೆಗೂ ಹೋಗದಿದ್ದ ನಮ್ಮ ಓಣಿಯ ಮುಸಲ್ಮಾನ ದರ್ಜಿಯನ್ನು ಜನ ಹೊಡೆದರು. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ.

ಇನ್ನು ಕುಂಕುಮ ಹಚ್ಚಿಕೊಳ್ಳಬಹುದೆಂದು ನಾನು ತಿಳಿದಿದ್ದೆ. ಆದರೆ ಅತ್ತೆಯೇ ತಡೆದರು.

"ಒಂದು ಕಾಗದ ಬರ್ಲಿ ಯವ್ವಾ. ಅಂವ ಅದಾನೋ ಇಲ್ಲೋ, ಯಾರಿಗೆ ಗೊತ್ತು?"

ನಮ್ಮ ಸುಳ್ಳೇ ನಿಜವಾಗಿದ್ದರೆ ಎಂಬ ಹೆದರಿಕೆ ಮೂವರಿಗೂ ಇತ್ತು. ಹಡಗು, ಸಮುದ್ರ, ಯುದ್ಧ, ಯಾವುದರಲ್ಲಿ ಏನಾಗಿದೆಯೋ. ಬರಿ ಹಣೆಯಲ್ಲಿ ಕಾಗದಕ್ಕೆ ಕಾಯುವುದು ಆ ಮುಂಗಾರಿಗಿಂತ ಕಷ್ಟವಾಯಿತು. ಒಂದು ಬೆಳಿಗ್ಗೆ ನನ್ನಿಂದ ಆಗಲಿಲ್ಲ. ಕುಂಕುಮ ಇಟ್ಟುಕೊಂಡು, ತಾಳಿ ಹೊರಗೆ ತೆಗೆದು, ಬಾವಿಗೆ ಹೋದೆ. ಅಲ್ಲಿದ್ದ ಹೆಂಗಸರಿಗೆ ನಿಜ ಹೇಳಿದರೆ ಯಾರೂ ನಂಬಲಿಲ್ಲ. ಮಲ್ಲಟದವರ ಜೊತೆ ಕದ್ದು ಮದುವೆಯಾಗಿದೆ ಎಂದೇ ಊರಲ್ಲಿ ಸುದ್ದಿಯಾಯಿತು.

ಹಿಂಗಾರಿ ಜೋಳದ ಬಿತ್ತನೆ ಮುಗಿದಿತ್ತು. ರಾಯಚೂರಿನ ಮೋಟಾರಿನಿಂದ ಅವರು ಇಳಿದರು. ಅವರನ್ನು ಕಂಡು ಒಬ್ಬಾಕೆ ಕೊಡ ಎತ್ತಿಹಾಕಿ ಓಡಿದಳಂತೆ. ಮನೆ ಮುಟ್ಟುವ ಹೊತ್ತಿಗೆ ಅವರ ಹಿಂದೆ ಅರ್ಧ ಊರಿತ್ತು. ಬಲಗಾಲು ಎಳೆದು ನಡೆಯುತ್ತಿದ್ದರು. ಮಾವ ಕಟ್ಟೆಯಿಂದ ಏಳಲಿಲ್ಲ.

"ಯಪ್ಪಾ, ನಾನು ಸತ್ತೀನಂತಲ್ಲ?"

"ಹೌದು. ನಾನ ಹೇಳೀನಿ."

"ಯಾಕ?"

"ಮನ್ಯಾಗ ಹೆಣಮಗಳಿದ್ಲು. ನೀ ಇರಲಿಲ್ಲ."

ಅವರು ತಮ್ಮ ಅಪ್ಪನ ಕಾಲು ಮುಟ್ಟಿ ಒಳಗೆ ಬಂದರು. ಅತ್ತೆ ಅವರನ್ನು ಹಿಡಿದು ಮುಖ, ತೋಳು, ಬೆನ್ನು ಸವರುತ್ತ ಬಂದು ಮೊಣಕಾಲಿನ ಪಟ್ಟಿ ನೋಡಿದಾಗ ಕೈ ಹಿಂದೆಗೆದರು.

ಪರದೇಶದ ಪಂದ್ಯದಲ್ಲಿ ಒಂದು ಗೋಲು ಹೊಡೆದಿದ್ದರಂತೆ. ಮುಂದಿನ ಪಂದ್ಯದಲ್ಲಿ ಎದುರಿನವನೊಬ್ಬ ಅಡ್ಡ ಬಿದ್ದು ಮೊಣಕಾಲು ತಿರುಚಿತು. ಅತ್ತೆ ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು, "ಬಳಿ ಒಡದದ್ದಕ್ಕನ ಹಿಂಗ ಆಗಿರಬೇಕು."

ಅವರು ತಲೆ ಎತ್ತಿದರು. "ಬಳಿ ಯಾರು ಒಡದ್ರು?"

"ನಾನ ಒಡಕೊಂಡೆ" ಎಂದೆ.

"ಯಾರೂ ಹೇಳಲಾರದ?"

"ಹೇಳೂ ತನಕ ಆ ಬಂದೂಕಿನವ್ರು ನಿಂದ್ರತಿದ್ದಿಲ್ರೀ."

ತಮ್ಮ ಅಪ್ಪನ ಸುಳ್ಳನ್ನು ಅವರು ಅವತ್ತೇ ಮರೆತರು. ಬಳೆ ಒಡೆದುಕೊಂಡ ನನ್ನ ಕೈಯನ್ನು ಬಹಳ ದಿನ ಮರೆಯಲಿಲ್ಲ. ಹೊಸ ಬಳೆ ತಂದುಕೊಟ್ಟರು, ತಾವೇ ತೊಡಿಸಲಿಲ್ಲ. ನೀರಮಾನ್ವಿಗೆ ಹರಕೆ ತೀರಿಸಲು ಹೋದಾಗಲೂ ದಾರಿಯುದ್ದಕ್ಕೂ ತಾಯಿಯ ಜೊತೆಗೇ ಮಾತಾಡಿದರು. ಮಲ್ಲಟದವರು ಕೂಸನ್ನು ಎತ್ತಿಕೊಂಡು ಅಲ್ಲಿಗೇ ಬಂದಿದ್ದರು. ನಮ್ಮವರಿಗೆ ಕೈಮುಗಿದು, "ನಿಮಗ ಆಯುಷ್ಯ ಹೆಚ್ಚಲಿ" ಎಂದು ಹೋದರು. ನನಗೆ ತಲೆ ಎತ್ತಲಾಗಲಿಲ್ಲ.

ಮರುವರ್ಷ ನನ್ನನ್ನೂ ಪಲ್ಟನ್ನಿನ ಊರಿಗೆ ಕರೆದುಕೊಂಡು ಹೋದರು. ಮೊಣಕಾಲು ನೆಟ್ಟಗಾಗಿದೆ ಎಂದು ಡಾಕ್ಟರು ಹೇಳಿದ್ದರು. ದೇಶದ ತಂಡಕ್ಕೆ ಮತ್ತೆ ಆಯ್ಕೆ ನಡೆಯಿತು. ಅವತ್ತು ಮೊದಲ ಸಲ ನಾನು ಅವರು ಆಡುವುದನ್ನು ನೋಡಿದೆ. ಆಟ ನನಗೆ ತಿಳಿಯದು, ಅವರ ಕಾಲು ತಿಳಿಯುತ್ತಿತ್ತು. ಗೋಲಿನ ಕಂಬದ ಮುಂದೆ ಚೆಂಡು ಬಲಗಾಲಿಗೇ ಬಂತು. ಅವರು ಒಂದು ಕ್ಷಣ ಅನುಮಾನಿಸಿ ಅದನ್ನು ಎಡಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಯಾವನೋ ಎಳೆಯ ವಯಸ್ಸಿನವನು ಕಸಿದುಕೊಂಡ. ಅಂಥದ್ದೇ ಇನ್ನೊಂದು ಸಲ ಆಯಿತು. ಮರದ ಕೆಳಗೆ ಕುರ್ಚಿ ಹಾಕಿಕೊಂಡಿದ್ದ, ತಂಡ ಆರಿಸುವ ದೊಡ್ಡವರು ಆಮೇಲೆ ಇವರ ಕಡೆ ನೋಡಲಿಲ್ಲ.

ಕ್ವಾರ್ಟರ್ಸಿಗೆ ಬರುವಾಗ ಕೇಳಿದರು, "ಹ್ಯಾಂಗಿತ್ತು?"

"ಚೊಲೋ ಆಡಿದ್ರಿ."

"ನಿನಗೇನು ತಿಳೀತದ!" ಎಂದು ನಕ್ಕರು. ಆಮೇಲೆ, "ಹೆದರಿಕಿ ಆತು. ಯುದ್ಧದಾಗೂ ಇಷ್ಟು ಹೆದರಿದ್ದಿಲ್ಲ" ಎಂದರು.

"ನನಗೂ ಹಂಗ ಆಗಿತ್ತು, ಆವತ್ತು" ಎಂದೆ. ನನ್ನ ಮುಂದೆ ಮುಂದೆ ಹೋಗುತ್ತಿದ್ದವರು ನಡಿಗೆ ನಿಧಾನ ಮಾಡಿದರು. ದೇಶದ ತಂಡಕ್ಕೆ ಅವರನ್ನು ಮತ್ತೆ ಕರೆಯಲಿಲ್ಲ. ಪಲ್ಟನ್ನಿನ ತಂಡದಲ್ಲಿ ಇನ್ನೂ ಕೆಲವು ವರ್ಷ, ಮುಂದಿನ ಜಾಗ ಬಿಟ್ಟು ಹಿಂದಿನ ಸಾಲಿನಲ್ಲಿ ಆಡಿದರು.