ಜುಲೈಕಾಳ ವಾರದ ಸೂಜಿ

ಮಡಂತ್ಯಾರಿನ ಜುಲೈಕಾಳ ದಪ್ಪದ ಬಗ್ಗೆ ಬೇರೆಯವರು ಆಡಿಕೊಳ್ಳುವ ಅವಕಾಶವೇ ಇರಲಿಲ್ಲ. ಮೊದಲು ಅವಳೇ ಹೇಳಿ ಮುಗಿಸುತ್ತಿದ್ದಳು. "ನಾನು ಕೂತ ಮೇಲೆ ಇನ್ನೊಬ್ಬರನ್ನು ಹತ್ತಿಸಬೇಡ ಮಾರಾಯ, ನಿನ್ನ ರಿಕ್ಷಾ ಉಳಿಯುವುದಿಲ್ಲ" ಎಂದರೆ ಚಾಲಕನೂ ನಗುತ್ತಿದ್ದ. ಗಂಡ ಬಾಸಿತ್ ಸೌದಿಯ ದಮಾಮಿನಲ್ಲಿ ಕೆಲಸಕ್ಕಿದ್ದ. ಮನೆಯನ್ನೂ ಮಗಳು ಸಜ್ನಾಳ ಓದನ್ನೂ ಇಲ್ಲಿ ಒಬ್ಬಳೇ ನಿಭಾಯಿಸಿದ ಗಟ್ಟಿಗಿತ್ತಿ. ಇಂಥವಳು ಒಂದಕ್ಕೆ ಮಾತ್ರ ಹೆದರುತ್ತಿದ್ದಳು. ಮನೆಯ ಕಾಯಿಲೆ ಹೊರಗೆ ಗೊತ್ತಾಗಬಾರದು.

ನಮ್ಮ ಕಡೆ ಹೆಣ್ಣುಮಕ್ಕಳಿರುವ ಮನೆಯಲ್ಲಿ, ಮದುವೆ ಸಂಬಂಧ ತಪ್ಪೀತೆಂದು, ಕಾಯಿಲೆಗೆ ನಿಜವಾದ ಹೆಸರೇ ಹೇಳುವುದಿಲ್ಲ. ಜುಲೈಕಾಳ ತಾಯಿ ಆಸ್ಯಮ್ಮ ಕುತ್ತಿಗೆಯ ಗಡ್ಡೆಯಿಂದ ತೀರಿಕೊಂಡಾಗ ಸಜ್ನಾ ತೊಟ್ಟಿಲಲ್ಲಿದ್ದಳು. ಅದು ಥೈರಾಯ್ಡಿನ ಕ್ಯಾನ್ಸರ್, ವಂಶದಲ್ಲಿ ಇಳಿದು ಬರಬಹುದಾದ ಬಗೆಯದು, ಮಕ್ಕಳು ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಮಂಗಳೂರಿನ ಡಾಕ್ಟರು ಬಿಡಿಸಿ ಹೇಳಿದ್ದರು. ಜುಲೈಕಾ ಮತ್ತು ಅವಳ ಅಣ್ಣ ತಲೆಯಾಡಿಸಿ ಬಂದರು, ಪರೀಕ್ಷೆ ಮಾಡಿಸಲಿಲ್ಲ. ಊರಿಗೆ ಹೇಳಿದ್ದು ಸಕ್ಕರೆ ಕಾಯಿಲೆ ಎಂದು. ಸಜ್ನಾ ಬೆಳೆದದ್ದೂ ಅದನ್ನೇ ನಂಬಿ. ನನಗೆ ಮೈ ಉರಿಯುವುದು ಇದಕ್ಕೇ.

ಸಜ್ನಾಳಿಗೆ ಫರಂಗಿಪೇಟೆಯಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ರಿಝ್ವಾನ್. ಅವನ ತಾಯಿ ರಾಫಿಯಾ ವಾರಕ್ಕೊಂದು ಇಂಜೆಕ್ಷನ್ ಚುಚ್ಚಿಕೊಂಡು ತೂಕ ಚೆನ್ನಾಗಿ ಇಳಿಸಿಕೊಂಡಿದ್ದಳು, ಆ ಸಂಭ್ರಮ ಇನ್ನೂ ಆರಿರಲಿಲ್ಲ. ಜುಲೈಕಾಳಿಗೆ ಮೈಭಾರಕ್ಕೆ ಮೊಣಕಾಲು ನೋವೆಂದು ಕೇಳಿದ್ದೇ ತಡ, "ನನ್ನ ಡಾಕ್ಟ್ರ ಹತ್ತಿರ ಹೋಗುವ" ಎಂದು ಬಿ.ಸಿ. ರೋಡ್ ಪೇಟೆಯ ಕ್ಲಿನಿಕ್ಕಿಗೆ ಹೊರಡಿಸಿದಳು. ಹೆಂಗಸರು ಡಾಕ್ಟರ ಬಳಿ ಜೊತೆಯಾಗಿಯೇ ಹೋಗುವುದು, ಒಳಗೂ ಜೊತೆಯಾಗಿಯೇ ಕೂರುವುದು. ಹೊರಗೆ ಇರಿ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಡಾಕ್ಟರ್ ವಿಸ್ಮಿತಾ ಆತುರದವರಲ್ಲ. ತೂಕ ಇಳಿಸಲು ಮಾತ್ರೆಯೂ ಉಂಟು, ಹಸಿವು ತಗ್ಗಿಸುವ ಇಂಜೆಕ್ಷನ್ನೂ ಉಂಟು, ಎಲ್ಲವೂ ಎಲ್ಲರಿಗೂ ಆಗುವುದಿಲ್ಲ ಎಂದು ವಿವರಿಸಿ ಕೇಳಿದರು.

"ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತಾ? ಅದರಲ್ಲಿ ಒಂದು ಬಗೆ ಇದ್ದರೆ ಈ ಇಂಜೆಕ್ಷನ್ ನಾನು ಕೊಡುವುದಿಲ್ಲ. ಬೇರೆ ದಾರಿ ನೋಡುವ."

ಪಕ್ಕದ ಕುರ್ಚಿಯಲ್ಲಿ ರಾಫಿಯಾ. ಮದುವೆ ನಿಶ್ಚಯದ ದಿನವನ್ನು ಇನ್ನೂ ಗೊತ್ತುಮಾಡಿರಲಿಲ್ಲ.

"ಇಲ್ಲ ಡಾಕ್ಟ್ರೆ. ಉಮ್ಮನಿಗೆ ಸಕ್ಕರೆ ಮಾತ್ರ ಇದ್ದದ್ದು" ಎಂದಳು ಜುಲೈಕಾ.

ಮನೆಗೆ ತಂದ ಸೂಜಿಯನ್ನು ಫ್ರಿಜ್ಜಿನಲ್ಲಿಟ್ಟ ಮೇಲೆ ಅವಳು ಲೆಕ್ಕ ಹಾಕಿದಳು. ಬಿಸಾಡಿದರೆ ತೂಕ ಇಳಿಯುವುದಿಲ್ಲ. ಇಳಿಯದಿದ್ದರೆ ರಾಫಿಯಾ ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸುತ್ತಾಳೆ. ಒಬ್ಬಳೇ ಹೋಗಿ ನಿಜ ಹೇಳೋಣವೆಂದರೆ ಅಲ್ಲಿಯ ನರ್ಸು ರಾಫಿಯಾಳ ಸಂಬಂಧಿ. ಸಜ್ನಾಳ ಮದುವೆಯೊಂದು ಆಗಿಬಿಡಲಿ, ಆಮೇಲೆ ನನಗೆ ಏನಾದರೂ ಆಗಲಿ ಎಂದುಕೊಂಡು ಚುಚ್ಚಿಕೊಂಡಳು. ವಾರವಾರವೂ ಸೂಜಿ ಚುಚ್ಚಿಕೊಂಡ ಮೇಲೆ ಕನ್ನಡಿಯ ಮುಂದೆ ನಿಂತು ಕುತ್ತಿಗೆ ಸವರಿ ನೋಡುತ್ತಿದ್ದಳು. ಕೈಗೆ ಏನೂ ಸಿಗುತ್ತಿರಲಿಲ್ಲ. ಆದರೂ ಭಯ ಬಿಡಲಿಲ್ಲ.

ಮದುವೆಯಾಯಿತು. ತೆಳ್ಳಗಾದ ಜುಲೈಕಾಳನ್ನು ಎಲ್ಲರೂ ಹೊಗಳಿದರು. ಮದುವೆ ಮುಗಿದದ್ದೇ ಮೊಣಕಾಲು ಗುಣವಾಯಿತೆಂದು ಹೇಳಿ ಸೂಜಿ ನಿಲ್ಲಿಸಿದಳು. ಗಂಡಾಂತರ ಕಳೆಯಿತೆಂದು ಅವಳ ಎಣಿಕೆ.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ರಾಫಿಯಾಳ ಫೋನು ಬಂತು.

"ಜುಲೈಕಾ, ಸಜ್ನಾಳಿಗೂ ಇಂಜೆಕ್ಷನ್ ಶುರು ಮಾಡಿಸಿದೆ. ತೂಕ ಸ್ವಲ್ಪ ಇಳಿದರೆ ಬೇಗ ಮಕ್ಕಳಾಗುತ್ತದಂತೆ. ಡಾಕ್ಟ್ರು ಅವಳ ಹತ್ತಿರವೂ ಅದೇ ಕೇಳಿದರು, ಮನೆಯಲ್ಲಿ ಯಾರಿಗಾದರೂ ಉಂಟಾ ಅಂತ. ಇಲ್ಲ ಅಂದಳು. ನಾನೂ ಹೇಳಿದೆ, ಅವಳ ಉಮ್ಮ ನಿಮ್ಮ ಎದುರೇ ಹೇಳಿದ್ದಾರಲ್ಲ ಅಂತ."

ಜುಲೈಕಾ ಫೋನಿಟ್ಟು ಅಡುಗೆಮನೆಯ ನೆಲದ ಮೇಲೇ ಕುಳಿತಳು. ಈಗ ಹೇಳಿದರೆ ಮಗಳನ್ನು ವಾಪಸು ಕಳಿಸಿಯಾರು. ಹೇಳದಿದ್ದರೆ? ಸಜ್ನಾಳೊಬ್ಬಳಿಗಾದರೂ ತಿಳಿಸಬೇಕೆಂದು ಅವಳ ನಂಬರು ಒತ್ತಿದಳು.

"ಹೇಳಿ ಉಮ್ಮ. ಅತ್ತೆ ಇಲ್ಲೇ ಇದ್ದಾರೆ, ಸ್ಪೀಕರ್‌ಗೆ ಹಾಕಿದ್ದೇನೆ."

ಜುಲೈಕಾ ಮಾತು ಬದಲಿಸಿದಳು.

"ಏನಿಲ್ಲ ಮಗಾ. ಊಟ ಆಯಿತಾ?"

"ಇಲ್ಲ ಉಮ್ಮ" ಎಂದಳು ಸಜ್ನಾ ಸಂತೋಷದಿಂದ. "ಈಗ ಹಸಿವೇ ಆಗುವುದಿಲ್ಲ."